ಫಿನಾಯಿಲಕ್ಕನ ಡ್ರಮ್ಮು

ಅರ್ಧ ಆಯುಷ್ಯ ಆಸ್ಪತ್ರೆಯ ನೆಲವನ್ನು ಕನ್ನಡಿಯ ಹಾಗೆ ಒರೆಸಿದ ಹೆಂಗಸು ಕೊನೆಗೆ ಉಚ್ಚೆಯ ಡ್ರಮ್ಮು ಕಾಯುವ ಹಾಗಾಯಿತಲ್ಲ! ಕೂತರೆ ಎದ್ದರೆ ಅವಳಿಗೆ ಅದೇ ಸಂಕಟ. ಸದಾ ಮೈಯಿಂದ ಫಿನಾಯಿಲ್ ವಾಸನೆ ಬರುತ್ತಿದ್ದುದರಿಂದ ತಮ್ಮನೇ ಅವಳಿಗೆ ಫಿನಾಯಿಲಕ್ಕ ಎಂದು ಹೆಸರಿಟ್ಟಿದ್ದ. ಅವಳಿಗೂ ಆ ಹೆಸರಿನ ಮೇಲೆ ಒಳಗೊಳಗೇ ಹೆಮ್ಮೆ.

ತಮ್ಮ ಒಂದು ಆಫೀಸು ಕಟ್ಟಡದ ತಾರಸಿಯಲ್ಲಿ ತರಕಾರಿ ಬೆಳೆಯುತ್ತಿದ್ದ. ಗಂಡಸರ ಶೌಚಾಲಯದ ಉಚ್ಚೆಯೆಲ್ಲ ಪೈಪಿನಲ್ಲಿ ಇಳಿದು ನೆಲಮಾಳಿಗೆಯ ಡ್ರಮ್ಮುಗಳಿಗೆ ಬೀಳುತ್ತಿತ್ತು. ಮುಚ್ಚಳ ಬಿಗಿದು ತಿಂಗಳುಗಟ್ಟಲೆ ಇಟ್ಟು, ಆಮೇಲೆ ಒಂದು ಪಾಲಿಗೆ ಹತ್ತು ಪಾಲು ನೀರು ಬೆರೆಸಿ ಗೊಬ್ಬರವಾಗಿ ಗಿಡದ ಬುಡಕ್ಕೆ ಹಾಕಬೇಕು. ಅಕ್ಕನ ಆಸ್ಪತ್ರೆ ಕೆಲಸ ಹೋದಾಗ ಕಟ್ಟಡದ ಯಜಮಾನರ ಕೈಕಾಲು ಹಿಡಿದು ಈ ಕೆಲಸ ಕೊಡಿಸಿದವನು ಅವನೇ.

ಥೂ, ಅದೂ ಒಂದು ಕೆಲಸವೇ! ಮುಚ್ಚಳ ತೆಗೆದರೆ ಸಾಕು, ಘಾಟು ಮೂಗಿಗೆ ರಪ್ಪನೆ ಹೊಡೆದು ಕಣ್ಣಲ್ಲಿ ನೀರು. ಡ್ರಮ್ಮಿನ ಅಂಚಿಗೆ ಅಂಟಿದ ಹಳದಿ ಕರೆ ಕಂಡರೆ ಮುಖ ತಿರುಗಿಸುತ್ತಿದ್ದಳು. ತಮ್ಮ ಕೊಟ್ಟ ಸೊಪ್ಪನ್ನು ಅವಳು ಒಂದು ದಿನವೂ ಬಾಯಿಗಿಟ್ಟವಳಲ್ಲ.

"ಸಗಣಿ ಗೊಬ್ಬರದ್ದಾದ್ರೆ ತಿಂತೀಯಲ್ಲ ಫಿನಾಯಿಲಕ್ಕ?"

"ಹಸು ಆಫೀಸಿಗೆ ಹೋಗಲ್ಲ ಕಣೋ!"

ತಮ್ಮ ಬಿದ್ದು ಬಿದ್ದು ನಕ್ಕಿದ್ದ.

ಆ ವಾರ ಅವನು ಜ್ವರದಿಂದ ಮಲಗಿದ. ತಾರಸಿ ನೋಡಲು ಯಜಮಾನರು ಬರುವವರಿದ್ದರು. ಅವರು ಒಪ್ಪಿದರೆ ತೋಟ ಉಳಿಯುತ್ತದೆ, ಇಲ್ಲದಿದ್ದರೆ ಎಲ್ಲ ಕಿತ್ತು ಹಾಕಿಸುತ್ತಾರೆ. "ಗಿಡಗಳ್ನ ನೋಡ್ಕೋ" ಎಂದಿದ್ದ ತಮ್ಮ.

ನೋಡಿಕೊಳ್ಳದೆ ಏನು? ಆದರೆ ಡ್ರಮ್ಮು ತೆರೆದಾಗ ಅವಳ ಸಹನೆ ಕೆಟ್ಟಿತು. ಆಸ್ಪತ್ರೆ ಕಲಿಸಿದ್ದು ಒಂದೇ ವಿದ್ಯೆ: ನಾತ ಇದ್ದಲ್ಲಿ ಫಿನಾಯಿಲ್. ಬಾಟಲಿ ಪೂರ್ತಿ ಸುರಿದಳು. ಆಹಾ, ಜೀವ ಬಂದ ಹಾಗಾಯಿತು! ಅದನ್ನೇ ನೀರಿಗೆ ಬೆರೆಸಿ ದಿನವೂ ಒಂದು ಬುಡವೂ ಬಿಡದೆ ಹಾಕಿದಳು.

ಯಜಮಾನರು ಬರುವ ಹೊತ್ತಿಗೆ ಸೊಪ್ಪು ಸುಟ್ಟು ಕಪ್ಪಾಗಿತ್ತು, ಬದನೆ ಗಿಡಗಳು ಕತ್ತು ಚೆಲ್ಲಿದ್ದವು. ಜ್ವರ ಬಿಟ್ಟು ಎದ್ದು ಬಂದ ತಮ್ಮ ಕುಕ್ಕರಗಾಲಲ್ಲಿ ಕೂತು ಒಂದು ಹಿಡಿ ಮಣ್ಣು ತೆಗೆದು ಮೂಸಿದ. ಮೂಸಿ, ತಲೆಯೆತ್ತಿ ಅಕ್ಕನ ಮುಖ ನೋಡಿದ. ಅವಳು ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟಳು.

"ಏನಯ್ಯಾ ಇದು?" ಎಂದರು ಯಜಮಾನರು.

"ನಂದೇ ತಪ್ಪು ಸಾರ್. ಅಳತೆ ಹೇಳೋದ್ರಲ್ಲಿ ತಪ್ಪಿದೆ. ಅಕ್ಕಂಗೆ ಏನೂ ಗೊತ್ತಿಲ್ಲ."

"ನಾಳೆಯೊಳಗೆ ಎಲ್ಲ ಖಾಲಿ ಮಾಡು" ಎಂದು ಅವರು ಮೆಟ್ಟಿಲಿಳಿದರು.

ತಮ್ಮ ಒಣಗಿದ ಗಿಡಗಳನ್ನು ಒಂದೊಂದಾಗಿ ಕಿತ್ತು ಚೀಲಕ್ಕೆ ತುಂಬತೊಡಗಿದ. "ಚೀಲ ಹಿಡ್ಕೋ ಅಕ್ಕ" ಎಂದನಷ್ಟೆ, ಫಿನಾಯಿಲಕ್ಕ ಎನ್ನಲಿಲ್ಲ.

ಅವಳು ನಲ್ಲಿಯ ಬಳಿಗೆ ಓಡಿದಳು. ಸೋಪು ಹಚ್ಚಿ ಚರ್ಮ ಕೆಂಪಾಗುವವರೆಗೆ ಕೈ ತಿಕ್ಕಿದಳು. ಮೂಗಿಗೆ ಹಿಡಿದರೆ ಅದೇ ಫಿನಾಯಿಲ್. ಇಷ್ಟು ವರ್ಷ ಹಿತವಾಗಿದ್ದ ಆ ವಾಸನೆಗೆ ಅವಳು ಅಲ್ಲೇ ಬಗ್ಗಿ ವಾಂತಿ ಮಾಡಿಕೊಂಡಳು.