ಭಾವನ ಮೂಗು

ನನ್ನ ಭಾವನಿಗೆ ಬೆಟ್ಟದ ಜನ ಇಟ್ಟ ಹೆಸರು ಮೂಗಣ್ಣ. ಅದು ಕುಹಕವಲ್ಲ, ಮರ್ಯಾದೆಯ ಹೆಸರು. ಕಾಫಿಯ ಬಟ್ಟಲಿಗೆ ಮೂಗು ಹಿಡಿದರೆ ಸಾಕು, ಹಣ್ಣು ಬಿಸಿಲಲ್ಲಿ ಮಾಗಿದ್ದೋ ಮರದ ನೆರಳಲ್ಲೋ, ಒಣಗುವಾಗ ಮಂಜು ತಾಗಿತ್ತೋ ಇಲ್ಲವೋ, ಎಲ್ಲ ಹೇಳಿಬಿಡುತ್ತಿದ್ದ. ಹೇಳಿದ್ದು ಸರಿಯೂ ಇರುತ್ತಿತ್ತು. ಆ ಒಂದು ಗುಣದ ಬಲದ ಮೇಲೆ ಉಳಿದ ಗುಣಗಳಿಗೆಲ್ಲ ಆತ ರಜೆ ಕೊಟ್ಟಿದ್ದ. ಎದುರಿಗೆ ನಾನೂ 'ಬನ್ನಿ, ಹೋಗಿ' ಎಂದೇ ಮಾತಾಡುತ್ತೇನೆ. ಇಲ್ಲಿ ಅಷ್ಟು ಉಪಚಾರ ಬೇಕಿಲ್ಲ.

ತೋಟ ನೋಡಿಕೊಳ್ಳುವವಳು ಅಕ್ಕ. ಕಾಫಿ ಒಣಗಿಸುವುದು ನನ್ನ ಪಾಲು. ಭಾವ ಬೆಳಿಗ್ಗೆ ಇಸ್ತ್ರಿ ಅಂಗಿ ತೊಟ್ಟು ಒಂದು ಸುತ್ತು ಬರುತ್ತಾನೆ. ಒಂದು ಎಲೆ ಕಿತ್ತು ಮೂಸಿ 'ಹ್ಞೂಂ' ಎನ್ನುತ್ತಾನೆ. ಹೊರೆ ಹೊತ್ತ ಹೆಂಗಸರು ಆ ಹ್ಞೂಂಕಾರ ಮುಗಿಯುವವರೆಗೆ ದಾರಿ ಬಿಟ್ಟು ನಿಲ್ಲಬೇಕು. ಆಮೇಲೆ ಮನೆಗೆ ಬಂದು, ದಣಿದವನ ಹಾಗೆ ಕಾಲು ಚಾಚಿ ಕೂರುತ್ತಾನೆ.

ಒಂದು ಮಳೆಗಾಲದಲ್ಲಿ ಅವನಿಗೆ ಜ್ವರ ಬಂತು. ಜ್ವರ ಹೋಗುವಾಗ ಅವನ ಮೂಗನ್ನೂ ಕಟ್ಟಿಕೊಂಡು ಹೋಯಿತು. ಅದು ನಮಗೆ ಗೊತ್ತಾದದ್ದು ಒಲೆಯ ಮೇಲೆ ಹಾಲು ಸೀದು ಮನೆಯೆಲ್ಲ ಕಮಟಿದ ದಿನ. ನಾವು ಓಡಿ ಬಂದು ಕಿಟಕಿ ತೆರೆದರೆ, ಅಡುಗೆಮನೆಯ ಬಾಗಿಲಲ್ಲೇ ಪೇಪರ್ ಓದುತ್ತಿದ್ದ ಭಾವ, "ಚಳಿಯಲ್ಲಿ ಕಿಟಕಿ ಯಾಕೆ ತೆಗೀತೀರಿ?" ಎಂದ. ಅಕ್ಕ ನನ್ನ ಮುಖ ನೋಡಿದಳು. "ಯಾರಿಗೂ ಹೇಳಬೇಡ ಕಣೇ. ಅವರಿಗೆ ಇರೋದು ಅದೊಂದೇ," ಎಂದಳು. ಇದ್ದದ್ದು ಅದೊಂದೇ ಎಂದು ಅವಳಿಗೂ ಗೊತ್ತಿತ್ತು ಅಂತಾಯಿತು.

ಅದೇ ವರ್ಷ ಅಕ್ಕ ಜೀವಮಾನದಲ್ಲಿ ಮೊದಲ ಸಲ ತನಗಾಗಿ ಒಂದು ಆಸೆಪಟ್ಟಳು. ತೋಟದ ಮೇಲಿನ ತುಂಡು ಅವಳು ಬೆಳೆಸಿದ್ದು. ಅಲ್ಲಿನ ಹಳೆಯ ಮರಗಳನ್ನು ಕಡಿಸೋಣವೆಂದು ಭಾವ ಹಟ ಹಿಡಿದಾಗ ಅವಳು ಅಡ್ಡ ನಿಂತು ಉಳಿಸಿದ್ದಳು. ಆ ದಟ್ಟ ನೆರಳಲ್ಲಿ ಹಣ್ಣು ಎಲ್ಲಕ್ಕಿಂತ ತಡವಾಗಿ, ನಿಧಾನವಾಗಿ, ಸಿಹಿ ತುಂಬಿಕೊಂಡು ಮಾಗುತ್ತದೆ. ಇಷ್ಟು ವರ್ಷ ಅದು ಉಳಿದದ್ದರ ಜೊತೆ ಒಂದೇ ರಾಶಿಗೆ ಬೀಳುತ್ತಿತ್ತು. "ಈ ಸಲ ಬೇರೆ ತೊಟ್ಟಿಗೆ ಹಾಕೋಣ. ನನ್ನ ಕಾಫಿ ಹೇಗಿದೆ ಅಂತ ಗೊತ್ತಿರೋರು ಒಂದ್ಸಲ ಕುಡಿದು ಹೇಳಲಿ," ಎಂದಳು. ಕೆಂಪಗೆ ಮಾಗಿದ್ದನ್ನು ಮಾತ್ರ ತಾನೇ ಆರಿಸಿ ಕಿತ್ತಳು.

ಸಿಪ್ಪೆ ಸುಲಿದ ಬೀಜವನ್ನು ತೊಟ್ಟಿಯಲ್ಲಿ ಹುಳಿಯಲು ಬಿಡುತ್ತೇವೆ. ಮೇಲಿನ ಲೋಳೆ ಕಳಚಿದ ಹೊತ್ತಿಗೆ ನೀರು ಬಿಟ್ಟು ತೊಳೆಯಬೇಕು, ತಡವಾದರೆ ಕೊಳೆಯುತ್ತದೆ. ಕೈಯಲ್ಲಿ ಉಜ್ಜಿದರೂ ತಿಳಿಯುತ್ತದೆ, ಆದರೆ ನಮ್ಮಲ್ಲಿ ನಡೆಯುತ್ತಿದ್ದದ್ದು ಮೂಗಿನ ಕಾಯಿದೆ. ಭಾವ ಬಗ್ಗಿ ಮೂಸಿ 'ಬಿಡಿ' ಎನ್ನದೆ ಆಳುಗಳು ತೊಟ್ಟಿಯ ತಳದ ಬಿರಡೆ ಮುಟ್ಟುತ್ತಿರಲಿಲ್ಲ.

ಬೆಳಗಾಗುವಾಗಲೇ ಅಕ್ಕ ಬೀಜ ಉಜ್ಜಿ ನೋಡಿದ್ದಳು. "ಆಗಿದೆ ರೀ, ಬಿಡಿಸಿ."

ಭಾವ ಕಣ್ಣು ಮುಚ್ಚಿ, ಮೂಗಿನ ಹೊಳ್ಳೆ ಅರಳಿಸಿ, ಆಳುಗಳೆಲ್ಲ ಕಾಣುವಂತೆ ಬಗ್ಗಿದ. "ಇನ್ನೂ ಇಲ್ಲ. ನಂಗೆ ಹೇಳಿಕೊಡ್ತೀಯಾ?" ಎಂದವನೇ ಬಿರಡೆಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕಾವಲು ಕೂತ. ಮಧ್ಯಾಹ್ನದ ಹೊತ್ತಿಗೆ ತೊಟ್ಟಿಯ ಮೇಲೆ ನೊಣ ಮುತ್ತಿದವು. ಆಳುಗಳು ಮುಖಮುಖ ನೋಡಿಕೊಂಡರು. ಅವನು ಕೂತೇ ಇದ್ದ. ಸಂಜೆ 'ಬಿಡಿ' ಎಂದಾಗ ಬಂದ ವಾಸನೆಗೆ ಆಳುಗಳೂ ಹಿಂದೆ ಸರಿದರು. ಆ ಬೀಜವನ್ನು ನಾನು ಸೆರಗಿನಲ್ಲಿ ಮೂಗು ಮುಚ್ಚಿಕೊಂಡೇ ಒಣಗಿಸಿದೆ. ಒಣಹಾಕಿದ ಮೇಜಿನ ಕಡೆ ಅಕ್ಕ ಸುಳಿಯಲೇ ಇಲ್ಲ.

ರುಚಿ ನೋಡಲು ಪಟ್ಟಣದ ವ್ಯಾಪಾರಿ ಬಂದ, ಹಿಂದೆ ಇಬ್ಬರು ಸಹಾಯಕರು. ಮೂವರ ಬಟ್ಟೆಯೂ ಮಣ್ಣಿನ ಬಣ್ಣದ್ದು; ಮಣ್ಣು ಮುಟ್ಟಿದವರು ಒಬ್ಬರೂ ಇಲ್ಲ. ಬಿಳಿ ಬಟ್ಟಲುಗಳ ಸಾಲಿನ ಮುಂದೆ ನಿಂತು ಚಮಚದಿಂದ ಸುರ್ರೆಂದು ಹೀರುವುದು, ಉಗುಳುವುದು. ಅಕ್ಕನ ಬಟ್ಟಲಿಗೆ ಬಂದಾಗ ವ್ಯಾಪಾರಿಯ ಹುಬ್ಬು ಗಂಟಿಕ್ಕಿತು. ಅವನ ನಾಲಿಗೆ ಬದುಕಿತ್ತು, ಪಾಪ. ಆದರೆ ಬಾಯಿ ತೆರೆಯುವ ಮೊದಲು ಮೂಗಣ್ಣನ ಕಡೆ ನೋಡಿದ.

"ಹಳೇ ವೈನ್," ಎಂದ ಭಾವ. "ಆಳದಲ್ಲಿ ಮಾಗಿದ ಹಣ್ಣು. ಎಲ್ಲರಿಗೂ ಸಿಗೋದಲ್ಲ ಇದು."

"ಅದನ್ನೇ ಹೇಳೋಣ ಅಂತಿದ್ದೆ," ಎಂದ ವ್ಯಾಪಾರಿ. ಒಬ್ಬ ಸಹಾಯಕ "ತುಂಬಾ ಧೈರ್ಯದ ರುಚಿ," ಎಂದ. ಇನ್ನೊಬ್ಬ ಕಣ್ಣು ಮುಚ್ಚಿ ತಲೆದೂಗಿದ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ.

ಅಕ್ಕ ಚಮಚ ತೆಗೆದುಕೊಂಡು ತಾನೂ ಹೀರಿದಳು. "ಇದು ಕೊಳೆತಿದೆ," ಎಂದಳು. "ನನ್ನ ಹಣ್ಣು ಹೀಗಿರಲಿಲ್ಲ. ತೊಟ್ಟಿಯಲ್ಲಿ ಕೊಳೆಸಿದ್ದು."

ಒಂದು ಗಳಿಗೆ ಭಾವನ ಮುಖ ಬಿಳಿಚಿತು. ಈಗಲಾದರೂ ನಿಜ ಹೇಳುತ್ತಾನೆಂದು ನಾನು ಕಾದೆ. ಅವನು ಅಕ್ಕನ ಹೆಗಲ ಮೇಲೆ ಕೈಯಿಟ್ಟು ಮೃದುವಾಗಿ ನಕ್ಕ.

"ಬೇಜಾರು ಮಾಡ್ಕೋಬೇಡಿ. ಮಳೆಗಾಲದಲ್ಲಿ ಇವಳಿಗೆ ಜ್ವರ ಬಂದಿತ್ತು. ಆಗಿನಿಂದ ವಾಸನೆ, ರುಚಿ ಒಂದೂ ತಿಳಿಯಲ್ಲ. ಹೇಳಿಕೊಳ್ಳೋಕೆ ನಾಚಿಕೆ."

"ಅಯ್ಯೋ, ಛೇ," ಎಂದ ವ್ಯಾಪಾರಿ. ಸಹಾಯಕರು ಅಕ್ಕನಿಗೆ ಕುರ್ಚಿ ಕೊಟ್ಟು ಕೂರಿಸಿದರು. ಭಾವನ ಮೇಲೆ ಅಷ್ಟು ಅಸಹ್ಯ ನನಗೆ ಹಿಂದೆಂದೂ ಹುಟ್ಟಿರಲಿಲ್ಲ. ಅಕ್ಕ ಚಮಚವನ್ನು ಬಟ್ಟಲಿನ ಪಕ್ಕ ಇಟ್ಟಳು. ಹೊರಡುವಾಗ ವ್ಯಾಪಾರಿ, "ಮುಂದಿನ ವರ್ಷ ಆ ಮೇಲಿನ ತುಂಡಿನದ್ದೇ ಬೇಕು, ಬೇರೇನೂ ಬೇಡ," ಎಂದು ಭಾವನ ಕೈ ಕುಲುಕಿದ.

ಮರುವರ್ಷ ವ್ಯಾಪಾರಿ ಬರುವ ವಾರ ಭಾವ ಕಣಜದ ಕೋಣೆಗೆ ಬಂದ. ಅಂಗಿಗೆ ಇಸ್ತ್ರಿ, ಮುಖದಲ್ಲಿ ಗತ್ತು. ತೋಟದ ಕಾಫಿಯೆಲ್ಲ ಸೂರಿನವರೆಗೆ ಒಂದೇ ರಾಶಿಯಾಗಿ ಬಿದ್ದಿತ್ತು.

"ಮೇಲಿನ ತುಂಡಿಂದು ಎಲ್ಲಿ?" ಎಂದು ಕೇಳಿದ.

"ಇದರಲ್ಲೇ ಇದೆ," ಎಂದಳು ಅಕ್ಕ, ಸೆರಗಿಗೆ ಕೈ ಒರೆಸಿಕೊಳ್ಳುತ್ತ. "ಯಾವುದು ಮೇಲಿಂದು, ಯಾವುದು ಕೆಳಗಿಂದು ಅಂತ ನಂಗೆಲ್ಲಿ ತಿಳಿಯುತ್ತೆ, ಜ್ವರ ಬಂದವಳಿಗೆ? ನೀವೇ ಮೂಸಿ ಆರಿಸಿಕೊಳ್ಳಿ."