ಮೀನುಸಾರಿನ ಮಿಸಿಸಿಪ್ಪಿ
ಕುವೈತಿನ ಅಬ್ಬಾಸಿಯಾದಲ್ಲಿ, ಯುದ್ಧದ ಪುಸ್ತಕಗಳ ಹುಚ್ಚಿನ ವಲೇರಿಯನ್ನರು ಸಾರಿಗೆ ಇಡ್ಲಿ ಇಳಿಸಿದರೆಂದರೆ ಅಮೆರಿಕದ ಅಂತರ್ಯುದ್ಧ ಮತ್ತೆ ಶುರುವಾಯಿತೆಂದೇ ಲೆಕ್ಕ. ಚರ್ಚಿನಲ್ಲಿ ಶುಕ್ರವಾರದ ಪೂಜೆ ಮುಗಿಸಿ ಊಟಕ್ಕೆ ಬಂದ ಗೆಳೆಯರ ಮುಂದೆ, ಹೆಂಡತಿ ಡೆಲ್ಮಾ ಬೆವರಿಳಿಸಿ ಮಾಡಿದ ಮೀನುಸಾರು ಮಿಸಿಸಿಪ್ಪಿ ನದಿಯಾಗುತ್ತಿತ್ತು; ಇಡ್ಲಿಗಳು ಕಬ್ಬಿಣದ ಕವಚ ತೊಟ್ಟ ಫಿರಂಗಿ ದೋಣಿಗಳಾಗಿ ತೇಲುತ್ತಿದ್ದವು. “ಕವಚ ಎದುರಿಗೆ ಮಾತ್ರ, ಹಿಂದೆ ಬರೀ ಮರ!” ಎಂದು ಅವರು ಗುಡುಗಿದರೆ ಗೆಳೆಯರು ಸಾರಿನ ರುಚಿ ಮರೆತು ಬಾಯಿ ಬಿಟ್ಟು ಕೇಳುತ್ತಿದ್ದರು. ಡೆಲ್ಮಾ ಮಾತ್ರ ದೋಣಿಯ ಬಾಯ್ಲರಿನಂತೆ ಕುದಿಯುತ್ತಿದ್ದಳು. ಮೊನ್ನೆಯಂತೂ ಒಂದು ದೋಣಿ ಮುಳುಗಿದ್ದನ್ನು ಹೇಳುವಾಗ ಅವರ ಕಣ್ಣೇ ತುಂಬಿತು. ಡೆಲ್ಮಾಳ ಆಪರೇಷನ್ನಿನ ದಿನವೂ ತುಂಬದಿದ್ದ ಕಣ್ಣು! “ನನ್ನ ಬಗ್ಗೆ ಒಂದು ದಿನವಾದರೂ ಹೀಗೆ ಹೇಳಿದ್ದುಂಟಾ ನೀವು?” ಎಂದು ಡೆಲ್ಮಾ ಎಲ್ಲರೆದುರೇ ಸಿಡಿದಳು. ವಲೇರಿಯನ್ನರು ತಬ್ಬಿಬ್ಬಾಗಿ ಅವಳನ್ನೇ ನೋಡಿದರು. “ಅದು ಮುಳುಗಿ ಹೋಯ್ತಲ್ಲ ಮಾರಾಯ್ತಿ. ನೀನು ಇಲ್ಲೇ ಇದ್ದಿಯಲ್ಲ.”