ಅಗಸಿಯಲ್ಲಿ ನಿಂತ ಕಾರು

1987ರ ಮೇ ತಿಂಗಳ ಒಂದು ಮಧ್ಯಾಹ್ನ, ನಮ್ಮೂರಿನ ಅಗಸಿ ಬಾಗಿಲಿನಿಂದ ಗೌಡರ ಕಟ್ಟೆಯ ಆಚೆಯವರೆಗೆ ನಮ್ಮ ಕಾರನ್ನು ನಮ್ಮ ಕೇರಿಯ ಗಂಡಸರು ನೂಕಿಕೊಂಡು ಹೋದರು. ಎಂಜಿನ್ ಬಂದ್ ಆಗಿತ್ತು. ಅಪ್ಪ ಒಳಗೆ ಕುಳಿತಿರಲಿಲ್ಲ. ಬಾಗಿಲು ತೆರೆದಿಟ್ಟುಕೊಂಡು, ಒಂದು ಕೈಯನ್ನು ಸ್ಟೀರಿಂಗ್ ಮೇಲೆ ಇಟ್ಟು, ಕಾರಿನ ಪಕ್ಕದಲ್ಲಿ ನಡೆಯುತ್ತಿದ್ದ. ಕಟ್ಟೆ ದಾಟಿದ ಮೇಲೆ ಹತ್ತಿ ಕುಳಿತ.

ಊರಿನಲ್ಲಿ ಇದಕ್ಕೆ ಒಂದೇ ಅರ್ಥವಿತ್ತು. ನಾವು ದಲಿತರು. ನಮ್ಮ ಕೇರಿಯವರು ಆ ಕಟ್ಟೆಯ ಮುಂದೆ ಸೈಕಲ್ ಇಳಿದು, ಚಪ್ಪಲಿ ಕೈಯಲ್ಲಿ ಹಿಡಿದು ನಡೆಯಬೇಕಿತ್ತು. ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಯಾರೂ ಮರೆಯುತ್ತಿರಲಿಲ್ಲ. ಊರಿನ ಹೆಸರು ಬರೆಯುವುದಿಲ್ಲ. ಸಂತೆಕಲ್ಲೂರಿನಿಂದ ಒಳಗೆ ಹೋಗುವ ಕಚ್ಚಾ ರಸ್ತೆಯಲ್ಲಿದೆ, ಜೋಳ ತೊಗರಿ ಬೆಳೆಯುವ ಊರು.

ಅಪ್ಪನ ಪ್ರಕಾರ ನಡೆದದ್ದು ಬೇರೆ. ರೇಡಿಯೇಟರ್ ಕುದಿಯುತ್ತಿತ್ತು, ಅದಕ್ಕೇ ಅಗಸಿಯ ನೆರಳಿನಲ್ಲಿ ಎಂಜಿನ್ ನಿಲ್ಲಿಸಿದ. ಕೀಲಿ ತಿರುವಿದರೆ ಎಂಜಿನ್ ಚಾಲೂ ಮಾಡುವ ಸೆಲ್ಫ್ ಮೊದಲೇ ಕೆಟ್ಟಿತ್ತು. ಕಾದ ಎಂಜಿನ್ ಹ್ಯಾಂಡಲ್ ಹೊಡೆದರೂ ಹತ್ತುತ್ತಿರಲಿಲ್ಲ. ನೂಕುವುದೊಂದೇ ದಾರಿ. ಆಗ ಮುತ್ಯಾ, ಅಂದರೆ ಅಪ್ಪನ ಅಪ್ಪ, ಕೇರಿಯಿಂದ ಜನರನ್ನು ಕರೆದುಕೊಂಡು ಬಂದು ಕಾರಿನ ಬಾಗಿಲು ತೆರೆದು “ಇಳಿ” ಎಂದ. ಗಾಡಿ ಹಗುರಾಗಲಿ ಎಂದು ಹೇಳುತ್ತಿದ್ದಾನೆ ಎಂದುಕೊಂಡು ಅಪ್ಪ ಇಳಿದ. ಮುತ್ಯಾ ಹೇಳಿದ್ದು ಅದಕ್ಕಲ್ಲ ಎಂಬುದು ಅಪ್ಪನಿಗೆ ತಿಳಿದದ್ದು ಸಂಜೆ. ಕಟ್ಟೆಯ ಮೇಲಿನವರಲ್ಲಿ ಒಬ್ಬರು ನಮ್ಮ ಮನೆಗೆ, ಮುತ್ಯಾನಿಗೆ ಹೇಳಿಕಳಿಸಿದ್ದರು: “ಮಗಾ ನೌಕರಿ ಹಿಡದಾನ, ಕಾರು ತಂದಾನ, ಆದರ ಪದ್ಧತಿ ಬಿಟ್ಟಿಲ್ಲ. ಚಲೋ ಬೆಳಸೀದಿ.”

ಬೈದಿದ್ದರೆ ಅಪ್ಪ ಮರೆತುಬಿಡುತ್ತಿದ್ದ. ಹೊಗಳಿದ್ದನ್ನು ಮರೆಯಲಿಲ್ಲ.

ಅಪ್ಪ ಸಿಂಧನೂರಿನಲ್ಲಿ ಕಾಲುವೆ ಕೆಲಸ ನೋಡಿಕೊಳ್ಳುವ ಸರ್ಕಾರಿ ನೌಕರ. ಊರಿನವರಿಗೆ ಇನ್ಸ್‌ಪೆಕ್ಟರ್. ಕಾರು ಹಳೆಯ ಅಂಬಾಸಿಡರ್. ಸಾಮಾನ್ಯ ಕಾರಿನಂತೆ ಹಿಂದೆ ಡಿಕ್ಕಿ ಇಳಿಜಾರಾಗಿರದೆ, ಛಾವಣಿ ಕೊನೆಯವರೆಗೂ ನೇರವಾಗಿ ಹೋಗುವ ಎಸ್ಟೇಟ್ ಮಾದರಿಯದು. ಹಿಂದಿನ ಸೀಟು ಮಡಚಿದರೆ ಒಂದು ಮಂಚ ಹಿಡಿಸುವಷ್ಟು ಜಾಗ. ಜವಳಗೇರಾ ಕಡೆ, ಕಾಲುವೆ ನೀರು ಬಂದ ಮೇಲೆ ಆಂಧ್ರದವರು ಬಂದು ನೆಲೆಸಿದ ಕ್ಯಾಂಪಿನ ರೈತರೊಬ್ಬರು ಅದರಲ್ಲಿ ಬಿತ್ತನೆ ಬತ್ತ ಸಾಗಿಸಿ ಸಾಗಿಸಿ, ಕೊನೆಗೆ ಅಪ್ಪನಿಗೆ ಕೊಟ್ಟಿದ್ದರು. ಎಷ್ಟು ತೊಳೆದರೂ ಬಾಗಿಲಿನ ಸಂದಿಯಿಂದ ಬತ್ತದ ಕಾಳು ಉದುರುತ್ತಲೇ ಇತ್ತು. ಒಂದು ಮಳೆಗಾಲದಲ್ಲಿ ಹಿಂದಿನ ಚಾಪೆಯ ಕೆಳಗೆ ಮೊಳಕೆ ಕೂಡ ಬಂದಿತ್ತು.

ಊರಿಗೆ ಇನ್ನೊಂದು ದಾರಿ ಇತ್ತು. ಹಳ್ಳದೊಳಗೆ ಇಳಿದು, ಉಸುಕಿನಲ್ಲಿ ಹಾದು, ನೇರ ನಮ್ಮ ಕೇರಿಯ ಹಿಂದೆ ಏಳುವ ದಾರಿ. ತಾನು ಬದುಕಿರೋತನಕ ಗಾಡಿ ತಂದರೆ ಆ ದಾರಿಯಲ್ಲೇ ತರಬೇಕೆಂದು ಮುತ್ಯಾ ಅಪ್ಪನಿಗೆ ಹೇಳಿದ. ಅವನ ಲೆಕ್ಕ ಸ್ಪಷ್ಟವಾಗಿತ್ತು. ಅಪ್ಪನಿಗೆ ಸರ್ಕಾರದ ಪಗಾರ ಬರುತ್ತದೆ; ಕೇರಿಯ ಉಳಿದವರೆಲ್ಲ ಕಟ್ಟೆಯವರ ಹೊಲಗಳಲ್ಲೇ ದುಡಿಯಬೇಕು. ಅಪ್ಪ ಕಾರಿನಲ್ಲಿ ಕುಳಿತು ಹೋದರೆ ಮರುದಿನ ಕೆಲಸ ತಪ್ಪುವುದು ಅಪ್ಪನಿಗಲ್ಲ.

ಸಿಂಧನೂರಿನ ಗ್ಯಾರೇಜಿನ ಮಿಸ್ತ್ರಿಗೆ ಅಪ್ಪ ಕಾರಿನ ಕಥೆಯನ್ನೆಲ್ಲ ಹೇಳಿದ. ಹಿಂದಿನ ಚಕ್ರಗಳ ಸ್ಪ್ರಿಂಗಿಗೆ ಒಂದೊಂದು ಕಮಾನು ಪಟ್ಟಿ ಹೆಚ್ಚು ಹಾಕಿ ಎತ್ತರ ಮಾಡುತ್ತೇನೆ, ಅಗಲ ಟೈರು ಹಾಕುತ್ತೇನೆ, ಉಸುಕಿನಲ್ಲಿ ಆರಾಮ ಹೋಗುತ್ತದೆ ಎಂದು ಮಿಸ್ತ್ರಿ ಸಲಹೆ ಕೊಟ್ಟ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ರಜೆಗೆ ಬಂದಿದ್ದ ನಾನೂ ಅಲ್ಲೇ ನಿಂತಿದ್ದೆ. ಆಗ ಲಿಂಗಸುಗೂರಿನಲ್ಲಿ ಕಾಲೇಜು ಓದುತ್ತಿದ್ದೆ.

“ಹಳ್ಳದಾಗ ಹೋಗೋ ಗಾಡಿ ನನಗ ಬ್ಯಾಡ,” ಅಪ್ಪ ಹೇಳಿದ. “ಅಗಸ್ಯಾಗ ನಿಂತು, ಅಲ್ಲೇ ಚಾಲೂ ಆಗೋ ಗಾಡಿ ಬೇಕು.”

“ಹಂಗಾದ್ರ ಸೆಲ್ಫ್ ಬಿಚ್ಚೂಣು ಸಾಬ್,” ಎಂದ ಮಿಸ್ತ್ರಿ. “ಕಮಾನಿಗೆ ಕೈ ಹಚ್ಚಂಗಿಲ್ಲ.”

ಸೆಲ್ಫಿನ ತಂತಿ ಹೊಸದಾಗಿ ಸುತ್ತಿಸಿದರು. ಒಂದು ಬ್ಯಾಟರಿಗೆ ನಂಬಿಕೆ ಇಲ್ಲವೆಂದು, ಗುಜರಿಗೆ ಹೋಗಲಿದ್ದ ಟ್ರ್ಯಾಕ್ಟರಿನ ಬ್ಯಾಟರಿಯೊಂದನ್ನು ಸರಿಮಾಡಿಸಿ, ಹಿಂದೆ ಹಲಗೆಯ ಕೆಳಗೆ ಕಟ್ಟಿದರು. ವೆಲ್ಡಿಂಗಿನವರ ದಪ್ಪ ಕೇಬಲನ್ನು ಸೀಟಿನಡಿಯಿಂದ ಮುಂದಕ್ಕೆ ಎಳೆದರು. ರೇಡಿಯೇಟರ್ ತೊಳೆದು, ಅದರ ಮುಂದೆ ನೀರಿನ ಡಬ್ಬಿ ಇಡಲು ಕಬ್ಬಿಣದ ಚೌಕಟ್ಟು ಮಾಡಿಸಿದ ಅಪ್ಪ. ಭಾನುವಾರಗಳು ಗ್ಯಾರೇಜಿನಲ್ಲೇ ಕಳೆದವು. ಪರೀಕ್ಷೆಗೆಂದು ಸಿಂಧನೂರಿನಿಂದ ಮಸ್ಕಿಗೆ ಹೋಗುವುದು, ಮಸ್ಕಿಯ ಬಸ್ ಸ್ಟ್ಯಾಂಡಿನ ಎದುರು ಬಿಸಿಲಲ್ಲಿ ನಿಲ್ಲಿಸಿ ಬಂದ್ ಮಾಡುವುದು, ಮಿರ್ಚಿ ಭಜಿ ತಿಂದು ಬಂದು ಕೀಲಿ ತಿರುವುವುದು. ಹತ್ತಿದರೆ ಲಿಂಗಸುಗೂರಿನವರೆಗೆ ಹೋಗಿ ನನ್ನನ್ನು ಹಾಸ್ಟೆಲಿಗೆ ಬಿಡುತ್ತಿದ್ದ. ಹತ್ತದಿದ್ದರೆ ನಾನು ಬಸ್ ಹತ್ತುತ್ತಿದ್ದೆ, ಅಪ್ಪ ಬಾನೆಟ್ ಎತ್ತುತ್ತಿದ್ದ. ಆ ವರ್ಷ ನನಗೆ ಬಸ್ಸಿನ ಕಂಡಕ್ಟರುಗಳೆಲ್ಲ ಪರಿಚಯವಾದರು.

ಹೀಗೆ ಹೋಗಿ ಬಂದು ಒಂದು ವಿಷಯ ಕಲಿತೆವು. ಬಿಸಿಲಲ್ಲಿ ಎಂಜಿನ್ ನಿಲ್ಲಿಸಿ ಸ್ವಲ್ಪ ಹೊತ್ತು ಬಿಟ್ಟರೆ, ಎಂಜಿನ್ನಿಗೆ ಇಂಧನ ಎಳೆಯುವ ಪಂಪಿನೊಳಗೆ ಪೆಟ್ರೋಲು ಆವಿಯಾಗುತ್ತದೆ. ಸೆಲ್ಫ್ ತಿರುಗುತ್ತದೆ, ಎಂಜಿನ್ ಹತ್ತುವುದಿಲ್ಲ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯಬೇಕು.

1988ರ ಬೇಸಿಗೆಯಲ್ಲಿ ಮುತ್ಯಾನ ಕಣ್ಣಿಗೆ ಲಿಂಗಸುಗೂರಿನಲ್ಲಿ ಆಪರೇಷನ್ ಆಯಿತು. ಮನೆಗೆ ಕರೆದುಕೊಂಡು ಹೋಗಲು ಅಪ್ಪ ಕಾರು ತಂದ. ಮುತ್ಯಾನನ್ನು ಮುಂದೆ ಕೂಡಿಸಿ, ನಾನು ಹಿಂದೆ ಕುಳಿತೆ. ಅವನ ಒಂದು ಕಣ್ಣಿಗೆ ಪಟ್ಟಿ, ಎರಡಕ್ಕೂ ಸೇರಿ ಮೇಲಿನಿಂದ ಹಸಿರು ಬಟ್ಟೆ. ಯಾವ ದಾರಿ ಎಂದು ಅವನಿಗೆ ಕಾಣುತ್ತಿರಲಿಲ್ಲ. ಸಂತೆಕಲ್ಲೂರು ದಾಟಿದ ಮೇಲೆ ಉಸುಕಿನ ಸದ್ದು ಬರದಿದ್ದಾಗ ಇದು ಅಗಸಿಯ ದಾರಿಯೆಂದು ಅವನಿಗೆ ಗೊತ್ತಾಯಿತು.

ಅಗಸಿಯಲ್ಲಿ ಅಪ್ಪ ಕಾರು ನಿಲ್ಲಿಸಿ, ಎಂಜಿನ್ ಬಂದ್ ಮಾಡಿದ. ನಿಲ್ಲಿಸುವ ಅಗತ್ಯವಿರಲಿಲ್ಲ. ರೇಡಿಯೇಟರ್ ಕುದಿಯುತ್ತಿರಲಿಲ್ಲ. ಎದುರಿಗೆ ಕಟ್ಟೆ, ಮೇಲೆ ಐದಾರು ಜನ. ಎಲ್ಲರೂ ನೋಡುವವರೆಗೆ ಅಪ್ಪ ಸುಮ್ಮನೆ ಕುಳಿತಿದ್ದ. ಕೇರಿಯಿಂದ ಗಂಡಸರು ಬಂದು, ಹೋದ ವರ್ಷದಂತೆ, ಕಾರಿನ ಹಿಂದೆ ನಿಂತರು. ಯಾರೂ ಕೈ ಹಚ್ಚಬ್ಯಾಡ್ರಿ ಎಂದು ಅಪ್ಪ ಕಿಟಕಿಯಿಂದಲೇ ಹೇಳಿದ. ಆಮೇಲೆ ಕೀಲಿ ತಿರುವಿದ.

ಸೆಲ್ಫ್ ಚೆನ್ನಾಗಿಯೇ ತಿರುಗಿತು. ಎಂಜಿನ್ ಹತ್ತಲಿಲ್ಲ. ಎಲ್ಲರೂ ನೋಡಲೆಂದು ಅಪ್ಪ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕಾದಿದ್ದ.

ಕಟ್ಟೆಯ ಮೇಲಿದ್ದ ಹಿರಿಯ ಗೌಡರು ಮೆತ್ತಗೆ, ಮರ್ಯಾದೆಯಿಂದಲೇ ಕೂಗಿದರು: “ಇನ್ಸ್‌ಪೆಕ್ಟರೇ, ಗಾಡೀನ ಹೇಳಾಕತ್ತೈತಿ. ಇಳೀರಿ.”

ಕಟ್ಟೆ ನಕ್ಕಿತು.

“ಗಾಡಿಗೆ ನೀರಡಿಕಿ ಆಗೈತ್ರೀ ಗೌಡ್ರ,” ಅಪ್ಪ ಹೇಳಿದ. “ಕುಡದು ಹೊಕ್ಕೈತಿ.”

ನಾನು ಇಳಿದು ಬಾನೆಟ್ ಎತ್ತಿದೆ. ಪಂಪಿಗೆ ಬಟ್ಟೆ ಸುತ್ತಿ, ಡಬ್ಬಿಯಿಂದ ನೀರು ಹನಿಸುತ್ತ ನಿಂತೆ. ಅಪ್ಪ ಸೀಟಿನಿಂದ ಏಳಲಿಲ್ಲ. ಇಳಿದು ಬಂದು ಬಾನೆಟ್ ಎತ್ತಿದ್ದರೂ ಕಟ್ಟೆಯವರು ಅದನ್ನು ಇಳಿದದ್ದೆಂದೇ ಎಣಿಸುತ್ತಿದ್ದರು. ಒಳಗಿನ ಮಾತು ನನಗೆ ಕೇಳುತ್ತಿತ್ತು.

“ಬಾಗಿಲ ತೆಗಿ. ನಾ ಇಳೀತೀನಿ,” ಮುತ್ಯಾ ಹೇಳಿದ.

“ಅಲುಗಾಡಬ್ಯಾಡ ಅಂತ ಡಾಕ್ಟರ್ ಹೇಳ್ಯಾರ. ಕೂಡು ಯಪ್ಪಾ.”

“ಡಾಕ್ಟರ್ ಈ ಊರಾಗ ದುಡೀತಾನೇನು?”

ಮುತ್ಯಾನ ಕೈ ಬಾಗಿಲಿನ ಹಿಡಿಯನ್ನು ಹುಡುಕಿ ಹಿಡಿದುಕೊಂಡಿತು. ತಿರುವಿದರೆ ಬಾಗಿಲು ತೆರೆಯುತ್ತಿತ್ತು, ಅದನ್ನು ತಡೆಯಲು ಅಪ್ಪ ಕೈ ಚಾಚಲಿಲ್ಲ. ಬಾನೆಟ್ಟಿನ ಕೆಳಗಿನ ಸಂದಿಯಿಂದ ನನಗೆ ಆ ಕೈ ಮಾತ್ರ ಕಾಣುತ್ತಿತ್ತು.

ಬಟ್ಟೆಯಿಂದ ಏಳುತ್ತಿದ್ದ ಹಬೆ ನಿಂತಿತು. ಬಾನೆಟ್ ಇಳಿಸಿ ಅಪ್ಪನಿಗೆ ತಲೆಯಾಡಿಸಿದೆ. ಎರಡನೆಯ ಸಲಕ್ಕೆ ಎಂಜಿನ್ ಹತ್ತಿತು. ಮುತ್ಯಾ ಹಿಡಿಯಿಂದ ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ನಾನು ಹತ್ತಿ ಕುಳಿತ ಮೇಲೆ ಅಪ್ಪ ಗೇರ್ ಹಾಕಿದ. ಕಾರು ಕಟ್ಟೆಯ ಮುಂದೆ ಎತ್ತಿನ ಗಾಡಿಯ ವೇಗದಲ್ಲಿ ಹೋಯಿತು. ಮೂವರೂ ಕುಳಿತಿದ್ದೆವು. ನೂಕಲು ಬಂದವರು ಹಿಂದೆ ನಡೆದು ಬಂದರು, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೇ.

ಮುತ್ಯಾ ಹೆದರಿದಂತೆಯೇ ಆಯಿತು. ಆ ಮುಂಗಾರಿನಲ್ಲಿ ಕಳೆ ತೆಗೆಯಲು ನಮ್ಮ ಕೇರಿಯವರನ್ನು ಯಾರೂ ಕರೆಯಲಿಲ್ಲ. ತಾನು ಮೊದಲೇ ಹೇಳಿರಲಿಲ್ಲವೇ ಎಂದು ಮುತ್ಯಾ ಅಪ್ಪನಿಗೆ ಕೇಳಿದ. ಹೇಳಿದ್ದಿ ಎಂದು ಅಪ್ಪ ಒಪ್ಪಿಕೊಂಡ. ಒಪ್ಪಿಕೊಂಡು ಗ್ಯಾರೇಜಿಗೆ ಹೋದ. ಈಗ ಕಮಾನು ಪಟ್ಟಿ ಹೆಚ್ಚು ಹಾಕಿಸಿದ, ಹಿಂದಿನ ಸೀಟು ಕಿತ್ತು ಎರಡೂ ಬದಿಗೆ ಉದ್ದ ಹಲಗೆ ಜಡಿಸಿದ. ಜವಳಗೇರಾ ಕಡೆ ಆಗ ಬತ್ತದ ನಾಟಿ ನಡೆದಿತ್ತು, ಆಳು ಸಾಲುತ್ತಿರಲಿಲ್ಲ. ಭಾನುವಾರ ಮಧ್ಯಾಹ್ನ ನಮ್ಮ ಕೇರಿಯ ಹೆಂಗಸರು ರೊಟ್ಟಿ ಗಂಟು, ಖಾರದ ಡಬ್ಬಿ ಹಿಡಿದು ಕಾರು ತುಂಬುತ್ತಿದ್ದರು. ಹಿಂದಿನ ಬಾಗಿಲು ಮುಚ್ಚದೆ ಹಗ್ಗ ಕಟ್ಟುತ್ತಿದ್ದೆವು. ಕ್ಯಾಂಪಿನಲ್ಲೇ ವಾರವಿಡೀ ಇದ್ದು, ಶನಿವಾರ ಅದೇ ಕಾರಿನಲ್ಲಿ ಬರುತ್ತಿದ್ದರು. ಹೋಗುವಾಗಲೂ ಬರುವಾಗಲೂ ಅಗಸಿಯಿಂದಲೇ, ಕಟ್ಟೆಯ ಮುಂದೆಯೇ. ಕಟ್ಟೆ ಬಂದಾಗ ಒಳಗಿನವರು ಮಾತು ನಿಲ್ಲಿಸುತ್ತಿದ್ದರು. ಮೂರನೆಯ ವಾರ ನಿಲ್ಲಿಸಲಿಲ್ಲ.

ನನ್ನ ಅತ್ತೆ, ಅಪ್ಪನ ತಂಗಿ, ಹಿಂದಿನ ತೆರೆದ ಬಾಗಿಲಲ್ಲಿ ಕಾಲು ಇಳಿಬಿಟ್ಟು ಕೂಡುತ್ತಿದ್ದಳು. ಕಾಲಲ್ಲಿ ಚಪ್ಪಲಿ ಇರುತ್ತಿದ್ದವು.

ಸುದ್ದಿ ಬರೆಯುವ ಕೆಲಸಕ್ಕೆ ಸೇರಿದ ಮೇಲೆ ನಾನು ಕಟ್ಟೆಯವರ ಮಾತನ್ನೂ ಕೇಳಿದ್ದೇನೆ. ಅವರು ಹೇಳುವುದು ಇಷ್ಟು: ಯಾರನ್ನೂ ಇಳಿಯಿರಿ ಎಂದು ನಾವು ಹೇಳಿಲ್ಲ, ಕೆಲಸಕ್ಕೆ ಬರಬೇಡಿ ಎಂದೂ ಹೇಳಿಲ್ಲ, ಅವರೇ ಕಾಲುವೆ ಕಡೆ ಹೋದರು. ತೊಗರಿ ಕೊಯ್ಲಿಗೆ ಆಳು ಸಿಗದಿದ್ದಾಗ ಅವರು ಕೇರಿಗೆ ಹೇಳಿಕಳಿಸಿದ್ದು ನಿಜ. ಕಾಲುವೆ ಕಡೆ ಕೊಡುವಷ್ಟೇ ಕೂಲಿ ಕೊಡುತ್ತೇವೆ ಎಂದದ್ದೂ ನಿಜ.

ಮುತ್ಯಾ 1991ರಲ್ಲಿ ತೀರಿಕೊಂಡ. ಆಪರೇಷನ್ ಆದ ಕಣ್ಣು ಕೊನೆಯವರೆಗೂ ಚೆನ್ನಾಗಿ ಕಾಣುತ್ತಿತ್ತು. ಕಾರಿಗೆ 1993ರಲ್ಲಿ ಡೀಸೆಲ್ ಎಂಜಿನ್ ಕೂಡಿಸಿದೆವು. 1997ರಲ್ಲಿ ಮಸ್ಕಿಯ ತರಕಾರಿ ವ್ಯಾಪಾರಿಯೊಬ್ಬರು ಕೊಂಡುಕೊಂಡರು.

1999ರ ಬೇಸಿಗೆಯಲ್ಲಿ ಅಪ್ಪನೊಂದಿಗೆ ಊರಿಗೆ ಹೋಗಿದ್ದೆ. ಕಟ್ಟೆಯ ಮುಂದೆ ಸೈಕಲ್ ಇಳಿಯುವವರು ಯಾರೂ ಇರಲಿಲ್ಲ. ಅಗಸಿಯ ಪಕ್ಕದ ಚಹಾ ಹೋಟೆಲಿನಲ್ಲಿ ನಮ್ಮವರ ಗ್ಲಾಸುಗಳು ಹೊರಗಿನ ಗೂಡಿನಲ್ಲಿ ಬೇರೆಯಾಗಿದ್ದವು. ಅಪ್ಪ ಒಳಗೆ ಹೋಗಿ ಬೆಂಚಿನ ಮೇಲೆ ಕುಳಿತು, ಎರಡು ಚಹಾ ಹೇಳಿದ. ನಾವು ಅಲ್ಲಿ ಸಂಜೆಯ ಬಸ್ಸು ಬಂದು ಹೋಗುವವರೆಗೆ ಕುಳಿತಿದ್ದೆವು. ಚಹಾ ಬರಲಿಲ್ಲ. ರಾತ್ರಿ ಕೇರಿಯಲ್ಲೇ ಉಳಿದು, ಮರುದಿನ ಬೆಳಿಗ್ಗೆ ಅಪ್ಪ ಮತ್ತೆ ಹೋಗಿ ಅದೇ ಬೆಂಚಿನ ಮೇಲೆ ಕುಳಿತ.